‘ನೀನು’ ಎಂದ ತಪ್ಪಿಗೆ: ಮನೆಗೆಲಸದ ಮೇರಿ ಫಿಶರ್ ಬೋಧಕಿಯಾದ ಕಥೆ

1656ರ ಜುಲೈ ತಿಂಗಳು. ಬಾರ್ಬಡೋಸ್ ದ್ವೀಪದಿಂದ ಹೊರಟಿದ್ದ ‘ಸ್ವಾಲೋ’ ಎಂಬ ಹಡಗು ಬಾಸ್ಟನ್ ಬಂದರಿಗೆ ಬಂದು ನಿಂತಿತು. ಅದರಲ್ಲಿದ್ದ ಇಬ್ಬರು ಹೆಂಗಸರನ್ನು ಕೆಳಗಿಳಿಯಲು ಬಿಡದೆ, ಅಧಿಕಾರಿಗಳೇ ಹಡಗು ಹತ್ತಿ ಅವರ ಪೆಟ್ಟಿಗೆಗಳನ್ನು ಜಾಲಾಡಿದರು. ನೂರರಷ್ಟು ಪುಸ್ತಕಗಳು ಸಿಕ್ಕವು. ಗವರ್ನರ್ ಜಾನ್ ಎಂಡಿಕಾಟ್ ಊರಲ್ಲಿರಲಿಲ್ಲವಾದ್ದರಿಂದ ಡೆಪ್ಯುಟಿ ಗವರ್ನರ್ ರಿಚರ್ಡ್ ಬೆಲ್ಲಿಂಗ್‌ಹ್ಯಾಮ್ ವಿಚಾರಣೆಗೆ ಕೂತ. ಮಾತಿನ ನಡುವೆ ಅವರಲ್ಲೊಬ್ಬಳು ಅವನನ್ನು ‘ನೀನು’ ಎಂದುಬಿಟ್ಟಳು. ಅವನಿಗೆ ಅಷ್ಟೇ ಸಾಕಾಯಿತು. ಇನ್ನೇನೂ ಕೇಳಬೇಕಿಲ್ಲ, ಇವರು ಕ್ವೇಕರ್ ಎಂಬ ಹೊಸ ಕ್ರೈಸ್ತ ಪಂಥದವರೇ ಎಂದು ತೀರ್ಮಾನಿಸಿದ.

ಇಂದಿನ ಇಂಗ್ಲಿಷ್ ಮಾತ್ರ ಬಲ್ಲವರಿಗೆ ಈ ಪ್ರಸಂಗವನ್ನು ವಿವರಿಸುವುದು ಕಷ್ಟ, ಕನ್ನಡಿಗರಿಗೆ ಸುಲಭ. ಈಗ ಆ ಭಾಷೆಯಲ್ಲಿ ‘ಯೂ’ ಒಂದೇ ಉಳಿದಿದೆ. ಆಗ ‘ದೌ’, ‘ದೀ’ ಎಂಬ ರೂಪಗಳೂ ಬಳಕೆಯಲ್ಲಿದ್ದವು. ಅವು ನಮ್ಮ ‘ನೀನು’, ‘ನಿನ್ನನ್ನು’ ಇದ್ದ ಹಾಗೆ: ಮಕ್ಕಳಿಗೆ, ಆಳುಗಳಿಗೆ, ಆಪ್ತರಿಗೆ, ಪ್ರಾರ್ಥನೆಯಲ್ಲಿ ದೇವರಿಗೆ. ಅಧಿಕಾರಿಗೂ ಜಮೀನ್ದಾರನಿಗೂ ‘ಯೂ’, ಅಂದರೆ ‘ನೀವು’. ದೇವರಿಗೇ ಸಲ್ಲುವ ಏಕವಚನ ಈ ದೊಡ್ಡ ಮನುಷ್ಯರಿಗೇಕೆ ಸಲ್ಲುವುದಿಲ್ಲ ಎಂಬುದು ಕ್ವೇಕರರ ಪ್ರಶ್ನೆ. ಅವರು ನ್ಯಾಯಾಧೀಶನ ಎದುರೂ ಟೋಪಿ ತೆಗೆಯುತ್ತಿರಲಿಲ್ಲ, ಅವನನ್ನೂ ‘ನೀನು’ ಎನ್ನುತ್ತಿದ್ದರು. ಈ ಲೇಖನದಲ್ಲಿ ನಾನೂ ಎಲ್ಲರನ್ನೂ ಏಕವಚನದಲ್ಲೇ ಕರೆಯುತ್ತಿದ್ದೇನೆ. ಬಹುವಚನ ಹಚ್ಚಿದ್ದರೆ ಕಥೆಯ ನಾಯಕಿಯೇ ಒಪ್ಪುತ್ತಿರಲಿಲ್ಲ.

ಆ ನಾಯಕಿ ಮೇರಿ ಫಿಶರ್. ಸುಮಾರು 1623ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದಲ್ಲಿ ಹುಟ್ಟಿದವಳು. ಸೆಲ್ಬಿ ಎಂಬ ಊರಿನ ಟಾಮ್ಲಿನ್ಸನ್ ಕುಟುಂಬದಲ್ಲಿ ಮನೆಗೆಲಸಕ್ಕಿದ್ದಳು. ಜೊತೆಯಲ್ಲಿದ್ದ ಆನ್ ಆಸ್ಟಿನ್ ವಯಸ್ಸಾದವಳು, ಐದು ಮಕ್ಕಳ ತಾಯಿ. ಉತ್ತರ ಅಮೆರಿಕದ ಇಂಗ್ಲಿಷ್ ವಸಾಹತುಗಳಿಗೆ ಕಾಲಿಟ್ಟ ಮೊದಲ ಕ್ವೇಕರ್ ಬೋಧಕರೆಂದು ಇತಿಹಾಸ ನೆನೆಯುವುದು ಸಾಮಾನ್ಯವಾಗಿ ಈ ಇಬ್ಬರನ್ನು. ಓದು ಬರಹ ಬಲ್ಲ ಗಂಡಸರಿಗೂ ಚರ್ಚಿನ ವೇದಿಕೆ ಸುಲಭವಾಗಿ ದಕ್ಕದಿದ್ದ ಆ ಕಾಲದಲ್ಲಿ ಒಬ್ಬ ಮನೆಗೆಲಸದವಳು ‘ಮಿನಿಸ್ಟರ್’ ಆದದ್ದು ಹೇಗೆ?

ಈ ‘ಮಿನಿಸ್ಟರ್’ ಎಂಬ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ. ನಮಗೆ ಅದು ಮೊದಲು ಮಂತ್ರಿ, ಆಮೇಲೆ ಚರ್ಚಿನ ಸಭಾಪಾಲಕ. ಎರಡೂ ಹುದ್ದೆಗಳೇ. ಒಬ್ಬರು ನೇಮಿಸಬೇಕು, ಒಬ್ಬರು ಸಂಬಳ ಕೊಡಬೇಕು. ಮೇರಿ ಫಿಶರಳ ಪಾಲಿಗೆ ಇವೆರಡೂ ಇರಲಿಲ್ಲ.

ಹುದ್ದೆಯನ್ನೇ ತೆಗೆದುಹಾಕಿದವರು

1640ರ ದಶಕದ ಇಂಗ್ಲೆಂಡ್ ಅಂತರ್ಯುದ್ಧದಲ್ಲಿ ಬೆಂದಿತ್ತು. ಬಿಷಪ್ಪರ ಅಧಿಕಾರ ಕುಸಿದಿತ್ತು, 1649ರಲ್ಲಿ ರಾಜನ ತಲೆಯೇ ಉರುಳಿತು. ಆ ಗದ್ದಲದಲ್ಲಿ ಲೆಸ್ಟರ್‌ಶೈರಿನ ನೇಕಾರನ ಮಗ, ಚಮ್ಮಾರಿಕೆ ಕಲಿತಿದ್ದ ಜಾರ್ಜ್ ಫಾಕ್ಸ್ ಊರೂರು ಅಲೆಯುತ್ತಾ ಪಾದ್ರಿಗಳನ್ನು ಪ್ರಶ್ನೆ ಕೇಳುತ್ತಿದ್ದ. ಅವನಿಗೆ ಹೊಳೆದ ಸಂಗತಿಗಳಲ್ಲಿ ಒಂದು ಸರಳವಾಗಿತ್ತು, ಅಪಾಯಕಾರಿಯೂ ಆಗಿತ್ತು: ಆಕ್ಸ್‌ಫರ್ಡ್‌ನಲ್ಲೋ ಕೇಂಬ್ರಿಜ್‌ನಲ್ಲೋ ಓದಿದ ಮಾತ್ರಕ್ಕೆ ಯಾರೂ ಕ್ರಿಸ್ತನ ಸೇವಕರಾಗುವುದಿಲ್ಲ. ಪ್ರತಿಯೊಬ್ಬರೊಳಗೂ ಒಂದು ದೈವಿಕ ಬೆಳಕಿದೆ. ಅದಕ್ಕೆ ಕಿವಿಗೊಟ್ಟವರು ಯಾರೇ ಇರಲಿ, ದೇವರು ಅವರ ಬಾಯಿಂದ ಮಾತಾಡಬಲ್ಲ.

ಇದನ್ನು ಒಪ್ಪಿದರೆ ಮುಂದಿನದೆಲ್ಲ ತಾನಾಗಿ ಕಳಚಿಕೊಳ್ಳುತ್ತದೆ. ಪಾದ್ರಿಗೆ ದೀಕ್ಷೆ ಬೇಡ. ದೀಕ್ಷೆ ಬೇಡವಾದರೆ ಕಾಲೇಜು ಬೇಡ. ಪಾದ್ರಿಯೇ ಇಲ್ಲವೆಂದ ಮೇಲೆ ರೈತನ ಬೆಳೆಯಲ್ಲಿ ಹತ್ತನೇ ಒಂದು ಪಾಲು ಕಿತ್ತುಕೊಳ್ಳುವ ದಶಮಾಂಶವೂ ಬೇಡ. ಕ್ವೇಕರರು ಪೂಜೆಗೆ ಸೇರಿದಾಗ ವೇದಿಕೆ, ಹಾಡು, ಪ್ರಸಾದ ಯಾವುದೂ ಇರುತ್ತಿರಲಿಲ್ಲ. ಬೆಂಚುಗಳ ಮೇಲೆ ಸುಮ್ಮನೆ ಕೂರುತ್ತಿದ್ದರು. ಯಾರಿಗಾದರೂ ಒಳಗಿನಿಂದ ಪ್ರೇರಣೆಯಾದರೆ ಎದ್ದು ಮಾತಾಡುತ್ತಿದ್ದರು. ಆಗದಿದ್ದರೆ ಗಂಟೆಗಟ್ಟಲೆ ಮೌನ. 1650ರಲ್ಲಿ ಡರ್ಬಿಯ ನ್ಯಾಯಾಧೀಶನೊಬ್ಬನಿಗೆ ಫಾಕ್ಸ್ ‘ದೇವರ ಮಾತಿಗೆ ನಡುಗು’ ಎಂದಿದ್ದ. ಆತ ಗೇಲಿಯಿಂದ ‘ಕ್ವೇಕರ್’, ಅಂದರೆ ನಡುಗುವವನು, ಎಂದು ಕರೆದ. ಅವರು ತಮಗೆ ಇಟ್ಟುಕೊಂಡ ಹೆಸರು ‘ಫ್ರೆಂಡ್ಸ್’. ಅಡ್ಡಹೆಸರೇ ಊರ್ಜಿತವಾಯಿತು.

ಹಾಗಾದರೆ ಅವರಲ್ಲಿ ಬೋಧಕರೆಂದರೆ ಯಾರು? ಹೀಗೆ ಮತ್ತೆ ಮತ್ತೆ ಎದ್ದು ಮಾತಾಡುವವರು, ಮತ್ತು ಯಾರ ಮಾತಿನಲ್ಲಿ ತಿರುಳಿದೆ ಎಂದು ಕೂತವರಿಗೆ ಅನ್ನಿಸುತ್ತದೆಯೋ ಅವರು. ಮೊದಲು ಮಾತು, ಆಮೇಲೆ ಗುರುತು. ನಮ್ಮ ವಾಡಿಕೆಯ ಕ್ರಮ ಇದಕ್ಕೆ ತದ್ವಿರುದ್ಧ. ಕ್ವೇಕರರು ಹೆಂಗಸರಿಗೆ ಪಾದ್ರಿಯ ಹುದ್ದೆ ಕೊಟ್ಟರು ಎಂದು ಎಷ್ಟೋ ಕಡೆ ಬರೆಯುತ್ತಾರೆ. ನನ್ನ ಪ್ರಕಾರ ಅದು ಸರಿಯಲ್ಲ. ಅವರು ಹುದ್ದೆಯನ್ನೇ ತೆಗೆದುಹಾಕಿದರು. ಬಾಗಿಲೇ ಇಲ್ಲದ ಮೇಲೆ ಯಾರನ್ನು ಹೊರಗೆ ನಿಲ್ಲಿಸುವುದು?

ಆದರೂ ಒಂದು ಬಾಗಿಲು ಉಳಿದಿತ್ತು, ಅದು ಬೈಬಲ್ಲಿನಲ್ಲೇ ಇತ್ತು. ಸ್ತ್ರೀಯರು ಸಭೆಗಳಲ್ಲಿ ಮೌನವಾಗಿರಬೇಕು ಎಂದು ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಕ್ವೇಕರರ ಬಾಯಿ ಮುಚ್ಚಿಸಲು ಎಲ್ಲರೂ ಎತ್ತಿಹಿಡಿಯುತ್ತಿದ್ದ ವಾಕ್ಯ ಇದು. ಇದಕ್ಕೆ ವಿಸ್ತಾರವಾದ ಉತ್ತರ ಬರೆದವಳು ಮಾರ್ಗರೆಟ್ ಫೆಲ್ ಎಂಬ ಕ್ವೇಕರ್ ಹೆಂಗಸು, 1666ರಲ್ಲಿ, ಲ್ಯಾಂಕಾಸ್ಟರ್ ಕೋಟೆಯ ಸೆರೆಯಲ್ಲಿ ಕುಳಿತು. ‘ನಿಮ್ಮ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರು’ ಎಂಬ, ಬೈಬಲ್ಲಿನ ಪ್ರವಾದಿ ಯೋವೇಲನ ಮಾತನ್ನು ಅವಳು ಮುಂದಿಟ್ಟಳು. ಕ್ರಿಸ್ತನು ಸಮಾಧಿಯಿಂದ ಎದ್ದ ಸುದ್ದಿಯನ್ನು ಮೊದಲು ಸಾರಿದವರು ಹೆಂಗಸರೇ ಅಲ್ಲವೇ, ಅವರು ಬಾಯಿ ಬಿಡದಿದ್ದರೆ ಶಿಷ್ಯರಿಗೆ ತಿಳಿಯುತ್ತಿದ್ದುದು ಹೇಗೆ ಎಂಬುದು ಅವಳ ವಾದದ ಹುರಿ. ಪೌಲನು ಗದರಿಸಿದ್ದು ಕೊರಿಂಥದ ಗದ್ದಲದ ಹೆಂಗಸರನ್ನು, ಎಲ್ಲ ಕಾಲದ ಎಲ್ಲ ಹೆಂಗಸರನ್ನಲ್ಲ ಎಂದಳು. ಗಮನಿಸಬೇಕಾದ್ದು ವರ್ಷ. ಈ ಪುಸ್ತಕ ಬರುವ ಹೊತ್ತಿಗೆ ಮೇರಿ ಫಿಶರ್ ಮಾತಾಡಲು ಶುರುಮಾಡಿ ಹದಿನಾಲ್ಕು ವರ್ಷಗಳಾಗಿದ್ದವು. ಸಮರ್ಥನೆ ಬರಲಿ ಎಂದು ಅವಳು ಕಾದು ಕೂತಿರಲಿಲ್ಲ.

ಸೆರೆಮನೆ ಎಂಬ ಪಾಠಶಾಲೆ

ಫಾಕ್ಸ್ 1651ರ ಕೊನೆಯಲ್ಲಿ ಸೆಲ್ಬಿಯ ಕಡೆ ಬಂದಾಗ ಟಾಮ್ಲಿನ್ಸನ್ ಮನೆಯ ಒಡೆಯರೂ ಕೆಲಸದವಳೂ ಒಟ್ಟಿಗೆ ಅವನ ಮಾತಿಗೆ ಒಲಿದರು. ಮರುವರ್ಷವೇ ಮೇರಿ ಸೆಲ್ಬಿ ಚರ್ಚಿನಲ್ಲಿ ಎದ್ದು ನಿಂತು ಪಾದ್ರಿಯನ್ನು ತರಾಟೆಗೆ ತೆಗೆದುಕೊಂಡಳು. ಪರಿಣಾಮ, ಯಾರ್ಕ್ ಕೋಟೆಯ ಸೆರೆಮನೆ. ಅಲ್ಲಿ ಅವಳಿಗೆ ಸಿಕ್ಕ ಸಂಗಾತಿಗಳು ಸಾಮಾನ್ಯರಲ್ಲ. ಎಲಿಜಬೆತ್ ಹೂಟನ್ ಎಂಬವಳು ಅವರಲ್ಲೊಬ್ಬಳು. ಫಾಕ್ಸ್‌ನನ್ನು ಬಿಟ್ಟರೆ ಕ್ವೇಕರರಲ್ಲಿ ಮೊದಲು ಬೋಧಿಸಲು ನಿಂತವಳೇ ಇವಳು ಎನ್ನುತ್ತಾರೆ. ಆಗಲೇ ಐವತ್ತರ ಸುಮಾರಿನವಳು. ಮುಂದೆ ಅರವತ್ತು ದಾಟಿದ ಮೇಲೆ ಬಾಸ್ಟನ್ನಿಗೆ ಹೋಗಿ, ಗಾಡಿಯ ಹಿಂಬದಿಗೆ ಕಟ್ಟಿಸಿಕೊಂಡು ಊರಿಂದೂರಿಗೆ ಛಡಿ ಏಟು ತಿಂದು, 1672ರಲ್ಲಿ ಜಮೈಕಾದಲ್ಲಿ ತೀರಿಕೊಂಡಳು. ಯಾರ್ಕಿನ ಈ ಕೈದಿಗಳು ಸೇರಿ ಸುಳ್ಳು ಪ್ರವಾದಿಗಳನ್ನು ಕುರಿತು ಒಂದು ಕಿರುಹೊತ್ತಗೆ ಹೊರಡಿಸಿದರು. ಅದಕ್ಕೆ ಸಹಿ ಹಾಕಿದವರಲ್ಲಿ ಮೇರಿಯೂ ಇದ್ದಳು. ಮನೆಗೆಲಸದವಳ ಹೆಸರು ಅಚ್ಚಿನಲ್ಲಿ ಬಂತು.

ಬಿಡುಗಡೆಯಾದ ಮೇಲೆ ಅವಳು ಹೋದದ್ದೆಲ್ಲಿಗೆ? 1653ರ ಡಿಸೆಂಬರಿನಲ್ಲಿ, ಎಲಿಜಬೆತ್ ವಿಲಿಯಮ್ಸ್ ಎಂಬ ಸಂಗಾತಿಯೊಂದಿಗೆ, ನೇರ ಕೇಂಬ್ರಿಜ್‌ಗೆ. ಪಾದ್ರಿಗಳನ್ನು ತಯಾರಿಸುವ ಕಾರ್ಖಾನೆಯ ಬಾಗಿಲಿಗೇ. ಸಿಡ್ನಿ ಸಸೆಕ್ಸ್ ಕಾಲೇಜಿನ ಗೇಟಿನಲ್ಲಿ ನಿಂತು, ನಿಮ್ಮ ಕಾಲೇಜು ಸೈತಾನನ ಸಭಾಮಂದಿರ ಎಂದು ಭಾವೀ ಪಾದ್ರಿಗಳಿಗೆ ಹೇಳಿದರು. ಮಾತಿನಲ್ಲಿ ಮೆದುತನ ಅವರ ಗುಣವಾಗಿರಲಿಲ್ಲ, ಅದನ್ನು ಮುಚ್ಚಿಡುವುದು ಬೇಡ. ಮೇಯರ್ ಕರೆಸಿ ಹೆಸರು ಕೇಳಿದ. ಜೀವಗ್ರಂಥದಲ್ಲಿ ಬರೆದಿದೆ ಎಂದರು. ಗಂಡಂದಿರ ಹೆಸರು ಕೇಳಿದ. ಯೇಸುವಲ್ಲದೆ ಬೇರೆ ಗಂಡನಿಲ್ಲ, ಅವನೇ ನಮ್ಮನ್ನು ಕಳಿಸಿದ್ದು ಎಂದರು. ಸಂತೆಯ ಕಂಬಕ್ಕೆ ಕಟ್ಟಿ ಸೊಂಟದವರೆಗೆ ಬಟ್ಟೆ ಬಿಚ್ಚಿಸಿ ರಕ್ತ ಬರುವಂತೆ ಹೊಡೆಸಿದ. ಮೇಯರ್ ಬಳಸಿದ್ದು ಅಲೆಮಾರಿಗಳನ್ನು ದಂಡಿಸುವ ಹಳೆಯ ಕಾನೂನು. ಮನೆಯಿಲ್ಲದೆ, ಗಂಡನಿಲ್ಲದೆ, ಒಡೆಯನಿಲ್ಲದೆ ಊರೂರು ತಿರುಗುವ ಹೆಂಗಸನ್ನು ನೋಡಲು ಕಾನೂನಿಗೆ ಇದ್ದದ್ದು ಅದೊಂದೇ ಕಣ್ಣು.

ಹೀಗೆ ತಿರುಗಲು ಹಣ ಎಲ್ಲಿಂದ ಬರುತ್ತಿತ್ತು ಎಂದು ಕೇಳುವುದು ನ್ಯಾಯ. ಬೋಧಕರಿಗೆ ಸಂಬಳವಿರಲಿಲ್ಲ, ಆದರೆ ದಾರಿಖರ್ಚಿಗೆ, ಬಟ್ಟೆಗೆ, ಸೆರೆಮನೆಯ ಊಟಕ್ಕೆ ಒಂದು ನಿಧಿಯಿತ್ತು. ಅದನ್ನು ಕೆಂಡಲ್ ನಿಧಿ ಎನ್ನುತ್ತಿದ್ದರು. ಅದರ ಹಿಂದೆ ಇದ್ದವಳು ಅದೇ ಮಾರ್ಗರೆಟ್ ಫೆಲ್. ಸ್ವಾರ್ತ್‌ಮೋರ್ ಹಾಲ್ ಎಂಬ ಅವಳ ಮನೆಯೇ ಚಳವಳಿಯ ಅಂಚೆಕಚೇರಿ, ಖಜಾನೆ ಎಲ್ಲವೂ ಆಗಿತ್ತು. ಯಾರು ಎಲ್ಲಿ ಸೆರೆಯಲ್ಲಿದ್ದಾರೆ, ಯಾರ ಪಾದರಕ್ಷೆ ಸವೆದಿದೆ ಎಂಬ ಲೆಕ್ಕವೆಲ್ಲ ಅಲ್ಲಿಗೆ ಬರುತ್ತಿತ್ತು. ಒಳಬೆಳಕಿನ ಜೊತೆಗೆ ಲೆಕ್ಕದ ಪುಸ್ತಕವೂ ಇದ್ದದ್ದರಿಂದಲೇ ಈ ಚಳವಳಿ ಉಳಿಯಿತು. ಆ ಕಾಲದಲ್ಲಿ ಎದ್ದ ಎಷ್ಟೋ ಪಂಥಗಳು ಹೇಳಹೆಸರಿಲ್ಲದೆ ಹೋದವು.

ಬಾಸ್ಟನ್ನಿನ ಬೆಂಕಿ, ಎಡಿರ್ನೆಯ ಡೇರೆ

ಮೇರಿ ಮತ್ತು ಆನ್ 1655ರಲ್ಲಿ ಬಾರ್ಬಡೋಸ್ ತಲುಪಿ ಕೆಲವು ಪ್ರಭಾವಿ ಕುಟುಂಬಗಳನ್ನು ಒಲಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಆ ಸಕ್ಕರೆಯ ದ್ವೀಪ ಅಟ್ಲಾಂಟಿಕ್ ಆಚೆಯ ಕ್ವೇಕರರಿಗೆಲ್ಲ ತಂಗುದಾಣವಾಯಿತು. ‘ಸತ್ಯದ ಸಸಿಮಡಿ’ ಎಂದು ಅವರೇ ಕರೆದರು. ಅಲ್ಲಿಂದ ಬಾಸ್ಟನ್ನಿಗೆ. ಸ್ವತಃ ಧಾರ್ಮಿಕ ಕಿರುಕುಳಕ್ಕೆ ಬೇಸತ್ತು ಇಂಗ್ಲೆಂಡ್ ಬಿಟ್ಟು ಬಂದ ಪ್ಯೂರಿಟನ್ನರು, ಅಂದರೆ ಕಟ್ಟುನಿಟ್ಟಿನ ಪ್ರಾಟೆಸ್ಟೆಂಟರು, ಕಟ್ಟಿದ ಊರು ಅದು. ಮೇರಿ ಮತ್ತು ಆನ್ ತಂದ ಪುಸ್ತಕಗಳನ್ನು ನೇಣುಗಾರನ ಕೈಯಲ್ಲಿ ಸಂತೆಯ ನಡುವೆ ಸುಡಿಸಿದರು. ಹೆಂಗಸರನ್ನು ಬೆತ್ತಲೆ ಮಾಡಿಸಿ ಮೈಮೇಲೆ ಮಾಟಗಾತಿಯ ಗುರುತುಗಳಿವೆಯೇ ಎಂದು ಹುಡುಕಿಸಿದರು. ಸೆರೆಕೋಣೆಯ ಕಿಟಕಿಗೆ ಹಲಗೆ ಹೊಡೆಸಿದರು. ಅವರೊಡನೆ ಮಾತಾಡಿದವರಿಗೆ ಐದು ಪೌಂಡ್ ದಂಡ. ನಿಕೊಲಸ್ ಅಪ್ಸಾಲ್ ಎಂಬ ಮುದುಕ ಜೈಲರನಿಗೆ ವಾರಕ್ಕೆ ಐದು ಶಿಲ್ಲಿಂಗ್ ತೆತ್ತು ಅವರಿಗೆ ಊಟ ಕಳಿಸದಿದ್ದರೆ ಹಸಿವಿನಿಂದಲೇ ಸಾಯುತ್ತಿದ್ದರೇನೋ. ಸುಮಾರು ಐದು ವಾರಗಳ ನಂತರ ಬಾರ್ಬಡೋಸ್‌ಗೆ ಹೊರಟ ಹಡಗಿಗೆ ತಳ್ಳಿದರು. ಅವರ ಹಾಸಿಗೆಯನ್ನೂ ಬೈಬಲ್ಲನ್ನೂ ಜೈಲರ್ ತನ್ನ ಶುಲ್ಕವೆಂದು ಇಟ್ಟುಕೊಂಡ. ಊರಿಗೆ ಮರಳಿದ ಗವರ್ನರ್ ಎಂಡಿಕಾಟ್, ತಾನಿದ್ದಿದ್ದರೆ ಛಡಿ ಏಟು ಹಾಕಿಸದೆ ಕಳಿಸುತ್ತಿರಲಿಲ್ಲ ಎಂದನಂತೆ.

ಆಗ ಮ್ಯಾಸಚೂಸೆಟ್ಸ್‌ನಲ್ಲಿ ಕ್ವೇಕರರ ವಿರುದ್ಧ ಕಾನೂನೇ ಇರಲಿಲ್ಲ. ಅಕ್ಟೋಬರಿನಲ್ಲಿ ಮಾಡಿದರು: ಕ್ವೇಕರರನ್ನು ಕರೆತಂದ ಹಡಗಿನ ನಾಯಕನಿಗೆ ನೂರು ಪೌಂಡ್ ದಂಡ. ಅದನ್ನು ವಿರೋಧಿಸಿದ ಮುದುಕ ಅಪ್ಸಾಲ್‌ನನ್ನು ಗಡಿಪಾರು ಮಾಡಿದರು. ಮರುವರ್ಷ ಕಿವಿ ಕತ್ತರಿಸುವ ಶಿಕ್ಷೆ, 1658ರಲ್ಲಿ ಗಡಿಪಾರಾದವರು ಮರಳಿದರೆ ಮರಣದಂಡನೆ. 1659ರಿಂದ 1661ರ ನಡುವೆ ನಾಲ್ವರನ್ನು ನೇಣಿಗೇರಿಸಿದರು. 1660ರ ಜೂನ್ 1ರಂದು ಸತ್ತ ಮೇರಿ ಡಯರ್ ಅವರಲ್ಲೊಬ್ಬಳು.

ಫಿಶರ್ ಅಷ್ಟರಲ್ಲಿ ಬೇರೊಂದು ದಿಕ್ಕಿಗೆ ಹೊರಟಿದ್ದಳು. 1657ರಲ್ಲಿ ಆರು ಮಂದಿಯ ಒಂದು ತಂಡ ತುರ್ಕಿಯ ಸುಲ್ತಾನನಿಗೆ ದೇವರ ಸಂದೇಶ ತಲುಪಿಸಲು ನಿರ್ಧರಿಸಿತು. ಯುರೋಪಿಗೆ ಯುರೋಪೇ ಹೆದರುತ್ತಿದ್ದ ದೊರೆ ಅವನು. ತುರ್ಕಿಯ ಬಂದರು ಸ್ಮಿರ್ನಾದಲ್ಲಿದ್ದ ಇಂಗ್ಲಿಷ್ ಕಾನ್ಸಲ್ ಇವರ ಹುಚ್ಚಾಟ ಬೇಡವೆಂದು ವೆನಿಸ್‌ಗೆ ಹೋಗುವ ಹಡಗು ಹತ್ತಿಸಿದ. ತಂಡ ಚದುರಿತು. ಅದರಲ್ಲಿ ಜಾನ್ ಪೆರಟ್ ಮತ್ತು ಜಾನ್ ಲಫ್ ಎಂಬಿಬ್ಬರು ಪೋಪನಿಗೇ ಬುದ್ಧಿ ಹೇಳಲು ರೋಮಿಗೆ ಹೋದರು. ಲಫ್ ಸೆರೆಯಲ್ಲಿ ಸತ್ತ, ಪೆರಟ್‌ನನ್ನು ಹುಚ್ಚಾಸ್ಪತ್ರೆಗೆ ಹಾಕಿದರು. ಮೇರಿ ದಾರಿಯಲ್ಲೇ ದಡ ಹತ್ತಿ ಗ್ರೀಸ್, ಮ್ಯಾಸಿಡೋನಿಯಾ, ಥ್ರೇಸ್‌ನ ಬೆಟ್ಟಗಳನ್ನು ನಡೆದೇ ದಾಟಿ, 1658ರಲ್ಲಿ ಸುಲ್ತಾನನ ಸೈನ್ಯ ಬೀಡುಬಿಟ್ಟಿದ್ದ ಎಡಿರ್ನೆ ತಲುಪಿದಳು.

ವಜೀರ ಕೊಪ್ರುಲು ಮೆಹ್ಮದ್ ಪಾಷಾ ಅವಳ ಭೇಟಿಗೆ ಏರ್ಪಾಡು ಮಾಡಿದ. ಸುಲ್ತಾನ ನಾಲ್ಕನೇ ಮೆಹ್ಮದನಿಗೆ ಆಗ ಹದಿನಾರು ವರ್ಷ. ರಾಯಭಾರಿಗೆ ತೋರುವ ಮರ್ಯಾದೆಯಿಂದ ಬರಮಾಡಿಕೊಂಡ. ಅವಳು ಕ್ವೇಕರ್ ಕ್ರಮದಂತೆ ಮೊದಲು ಮೌನವಾಗಿ ನಿಂತಳು. ಹಿಂಜರಿಕೆಯೆಂದುಕೊಂಡು ಅವನು, ಜನರನ್ನು ಹೊರಗೆ ಕಳಿಸಲೇ ಎಂದು ಕೇಳಿದ. ಬೇಡವೆಂದಳು. ದೇವರು ಕೊಟ್ಟ ಮಾತನ್ನು ಹೆಚ್ಚು ಕಡಿಮೆ ಮಾಡದೆ ಹೇಳು ಎಂದ, ಕೊನೆಯವರೆಗೂ ಕೇಳಿದ. ಆಮೇಲೆ ಮಹಮ್ಮದರ ಬಗ್ಗೆ ಏನೆನ್ನುತ್ತೀ ಎಂಬ ಪ್ರಶ್ನೆ ಬಂತು. ಅವರನ್ನು ತಾನರಿಯೆ, ಪ್ರವಾದಿಯ ಮಾತು ನಿಜವಾದರೆ ಪ್ರವಾದಿಯೂ ನಿಜ ಎಂಬರ್ಥದ ಉತ್ತರ ಕೊಟ್ಟಳು. ಅಲ್ಲಿದ್ದ ತುರ್ಕರು ಒಪ್ಪಿದರು. ಕಾವಲಿಗೆ ಆಳುಗಳನ್ನು ಕೊಡುತ್ತೇನೆಂದರೂ ಒಲ್ಲದೆ ಕಾನ್‌ಸ್ಟಾಂಟಿನೋಪಲ್‌ಗೆ ಒಬ್ಬಳೇ ಹೋದಳು. ಈ ವಿವರಗಳು ನಮಗೆ ತಲುಪಿರುವುದು ಕ್ವೇಕರರ ಬರಹಗಳಿಂದ, ಆದ್ದರಿಂದ ಹೊಳಪು ಸ್ವಲ್ಪ ಹೆಚ್ಚಿರಬಹುದು. ಆದರೆ ಮೇರಿಯದೇ ಪತ್ರವೊಂದು ಉಳಿದಿದೆ. ಆ ಜನ ಅನೇಕ ದೇಶಗಳವರಿಗಿಂತ ಸತ್ಯಕ್ಕೆ ಹತ್ತಿರದಲ್ಲಿದ್ದಾರೆ, ಅವರ ಬಗ್ಗೆ ತನ್ನಲ್ಲಿ ಕೊನೆಯಿಲ್ಲದ ಪ್ರೀತಿ ಹುಟ್ಟಿದೆ ಎಂದು ಬರೆದಿದ್ದಾಳೆ. ಮತಾಂತರಕ್ಕೆಂದು ಹೋದವರು ಬರೆಯುವ ಧಾಟಿ ಇದಲ್ಲ.

ನೆಲೆ ನಿಂತ ಮೇಲೆ

1662ರಲ್ಲಿ ಮೇರಿ, ಕ್ವೇಕರ್ ಬೋಧಕನೂ ಹಡಗಿನ ನಾಯಕನೂ ಆಗಿದ್ದ ವಿಲಿಯಂ ಬೇಲಿಯನ್ನು ಮದುವೆಯಾದಳು. ಮೂವರು ಮಕ್ಕಳಾದರು. 1675ರಲ್ಲಿ ಅವನು ಸಮುದ್ರದಲ್ಲಿ ಸತ್ತ. ಮೂರು ವರ್ಷದ ಬಳಿಕ ಜಾನ್ ಕ್ರಾಸ್ ಎಂಬ ಲಂಡನ್ನಿನ ಚಮ್ಮಾರನನ್ನು ಮದುವೆಯಾಗಿ, ಮುಂದೆ ಕುಟುಂಬಸಮೇತ ಕೆರೊಲಿನಾದ ಚಾರ್ಲ್ಸ್‌ಟನ್ನಿಗೆ ಹೋಗಿ ನೆಲೆಸಿದಳು. ಆ ವಸಾಹತಿನ 1669ರ ಮೂಲ ಶಾಸನದ ಪ್ರಕಾರ ಯಾವುದೇ ಮತದ ಏಳು ಜನ ಸೇರಿದರೆ ಒಂದು ಸಭೆ ಕಟ್ಟಬಹುದಿತ್ತು. ಜೀವಮಾನವಿಡೀ ಓಡಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಕರೆಯೋಲೆ ಬೇಕಿರಲಿಲ್ಲ.

ಅಷ್ಟರಲ್ಲಿ ಚಳವಳಿಯೂ ನೆಲೆ ನಿಲ್ಲತೊಡಗಿತ್ತು. ನೆಲೆ ನಿಂತದ್ದಕ್ಕೆ ಕಟ್ಟುಪಾಡು ಬೇಕಾಗುತ್ತದೆ. ಬೋಧಕರೆಂದು ಗುರುತಾದವರ ಹೆಸರನ್ನು ದಾಖಲಿಸುವ ಪದ್ಧತಿ ಬೆಳೆಯಿತು, ಅವರು ಸಭೆಗೆ ಎದುರಾಗಿರುವ ಎತ್ತರದ ಬೆಂಚಿನಲ್ಲಿ ಕೂರುವುದಾಯಿತು. ಹೊರಸಂಚಾರಕ್ಕೆ ಹೋಗಬೇಕೆನಿಸಿದವಳು ತನ್ನ ಸಭೆಗೆ ತಿಳಿಸಬೇಕು, ಸಭೆ ತೂಗಿ ನೋಡಿ ಪತ್ರ ಕೊಡಬೇಕು, ಜೊತೆಗೊಬ್ಬ ಹೆಂಗಸು ಇರಬೇಕು, ಮರಳಿದ ಮೇಲೆ ಪತ್ರ ಒಪ್ಪಿಸಬೇಕು. ಮದುವೆ, ಬಡವರ ಪಾಲನೆ ಮುಂತಾದವನ್ನು ನೋಡಿಕೊಳ್ಳುವ ಹೆಂಗಸರದೇ ಪ್ರತ್ಯೇಕ ಸಭೆಗಳೂ ಹುಟ್ಟಿದವು. ಪೂಜೆಯ ಬೆಂಚಿನಲ್ಲಿ ಸಮಾನತೆ ಇದ್ದರೂ ಆಡಳಿತದಲ್ಲಿ ಗಂಡಸರ ಸಭೆಯ ಮಾತೇ ನಡೆಯುತ್ತಿತ್ತು. 1701ರ ಹೊತ್ತಿಗೆ ಲಂಡನ್ನಿನ ಗಂಡಸು ಬೋಧಕರು, ಸಾರ್ವಜನಿಕ ಸಭೆಗಳಲ್ಲಿ ಹೆಂಗಸರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದಾರೆಂದು ಠರಾವಿನಲ್ಲೇ ದೂರಿದರು. ಕಿತ್ತುಹಾಕಿದ ಬಾಗಿಲನ್ನು ಯಾರೋ ಮತ್ತೆ ಕೂರಿಸಲು ಅಳತೆ ತೆಗೆಯುತ್ತಿದ್ದರು. ಆದರೂ ಅದು ಪೂರ್ತಿ ಮುಚ್ಚಲಿಲ್ಲ. ಹದಿನೆಂಟನೇ ಶತಮಾನದುದ್ದಕ್ಕೂ ಪೆನ್ಸಿಲ್ವೇನಿಯಾದ ಸುಸಾನಾ ಮಾರಿಸ್‌ಳಂಥ ಹೆಂಗಸರು ಪತ್ರ ಹಿಡಿದು, ಮಕ್ಕಳನ್ನು ಮನೆಯಲ್ಲಿ ಬಿಟ್ಟು, ಅಟ್ಲಾಂಟಿಕ್ ದಾಟುತ್ತಲೇ ಇದ್ದರು.

1696–97ರ ಚಳಿಗಾಲದಲ್ಲಿ ರಾಬರ್ಟ್ ಬ್ಯಾರೋ ಎಂಬ ಮುದಿ ಕ್ವೇಕರ್ ಬೋಧಕ ಚಾರ್ಲ್ಸ್‌ಟನ್ನಿಗೆ ಬಂದು ಬಿದ್ದ. ಫ್ಲಾರಿಡಾದ ಕರಾವಳಿಯಲ್ಲಿ ಹಡಗು ಒಡೆದು, ಚಳಿ ಹಸಿವಿನಲ್ಲಿ ನೂರಾರು ಮೈಲಿ ಸಾಗಿ ಜರ್ಜರಿತನಾಗಿದ್ದ. ಅವನಿಗೆ ಆರೈಕೆ ಸಿಕ್ಕಿದ್ದು ಮೇರಿ ಕ್ರಾಸ್ ಎಂಬ ವಿಧವೆಯ ಮನೆಯಲ್ಲಿ. ಹೆಂಡತಿಗೆ ಪತ್ರ ಬರೆಯುವಾಗ ಅವಳನ್ನು ಗುರುತಿಸಿದ ರೀತಿ ಸೊಗಸಾಗಿದೆ: ನೀನು ಹೆಸರು ಕೇಳಿರುವ ಮೇರಿ ಫಿಶರ್ ಇವಳೇ, ತುರ್ಕಿಯ ದೊರೆಯೊಡನೆ ಮಾತಾಡಿದವಳು. ನಲವತ್ತು ವರ್ಷ, ಇಬ್ಬರು ಗಂಡಂದಿರ ಹೆಸರು, ಎರಡು ಖಂಡ ದಾಟಿದರೂ ಜನಕ್ಕೆ ನೆನಪಿದ್ದದ್ದು ಹುಟ್ಟುಹೆಸರು ಮತ್ತು ಆ ಒಂದು ಮಾತುಕತೆ.

1698ರಲ್ಲಿ ಅವಳು ತೀರಿಕೊಂಡಳು. ಬಿಟ್ಟುಹೋದ ಆಸ್ತಿಯಲ್ಲಿ ಗುಲಾಮಗಿರಿಯಲ್ಲಿದ್ದ ಒಂದು ಕಪ್ಪು ಜೀವವೂ ಸೇರಿತ್ತು. ಇದನ್ನು ಓದಿದಾಗ ನನಗೆ ಪೆಚ್ಚಾಯಿತು. ದೊರೆಗೂ ಆಳಿಗೂ ಒಂದೇ ಸರ್ವನಾಮ ಬಳಸಿದ, ಸ್ವತಃ ಆಳಾಗಿದ್ದ ಹೆಂಗಸು ಇವಳು. ಕಾಲವೇ ಹಾಗಿತ್ತು ಎಂದು ಜಾರಿಕೊಳ್ಳುವ ಹಾಗೂ ಇಲ್ಲ. ಅದಕ್ಕೆ ಹತ್ತು ವರ್ಷ ಮೊದಲೇ, 1688ರಲ್ಲಿ, ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್ ಎಂಬ ಊರಿನ ನಾಲ್ವರು ಗುಲಾಮಗಿರಿಯ ವಿರುದ್ಧ ಲಿಖಿತ ಪ್ರತಿಭಟನೆ ಸಲ್ಲಿಸಿದ್ದರು. ಕ್ವೇಕರರ ಮೇಲಿನ ಹಂತದ ಸಭೆಗಳು ಅದನ್ನು ಬದಿಗಿಟ್ಟವು. ಗುಲಾಮರನ್ನು ಇಟ್ಟುಕೊಂಡವರನ್ನು ಸಮಾಜದಿಂದ ಹೊರಹಾಕಲು ಫಿಲಡೆಲ್ಫಿಯಾದ ಕ್ವೇಕರರು 1776ರವರೆಗೆ ಕಾದರು.

ಮೇರಿಯ ಮೊಮ್ಮಗಳು ಸೋಫಿಯಾ ಹ್ಯೂಮ್ 1702ರಲ್ಲಿ ಚಾರ್ಲ್ಸ್‌ಟನ್ನಿನಲ್ಲೇ ಹುಟ್ಟಿ, ತಂದೆಯ ಆಂಗ್ಲಿಕನ್ ಚರ್ಚಿನಲ್ಲಿ ಬೆಳೆದು, ಶ್ರೀಮಂತಿಕೆಯ ಬೆಡಗಿನಲ್ಲಿ ಬಾಳಿದವಳು. ನಡುವಯಸ್ಸಿನಲ್ಲಿ ವಿಧವೆಯಾಗಿ, ಅಜ್ಜಿಯ ದಾರಿಗೆ ಮರಳಿ ಇಂಗ್ಲೆಂಡಿಗೆ ಹೊರಟುಹೋದಳು. 1747ರಲ್ಲಿ ಒಳಗಿನ ಪ್ರೇರಣೆಯೆಂದು ಹೇಳಿ ವಾಪಸ್ ಬಂದು, ತನ್ನ ರೇಷ್ಮೆಯ ಉಡುಗೆಗಳನ್ನು ಕಂಡಿದ್ದ ಅದೇ ಊರಿನವರ ಎದುರು ಪಶ್ಚಾತ್ತಾಪವನ್ನು ಬೋಧಿಸಲು ನಿಂತಳು. ಊರಿನಲ್ಲಿ ಆಗ ಕ್ವೇಕರರು ಬೆರಳೆಣಿಕೆಯಷ್ಟಿದ್ದರು. ಅವಳ ಮಾತು ಮರುವರ್ಷ ಫಿಲಡೆಲ್ಫಿಯಾದಲ್ಲಿ ಅಚ್ಚಾಯಿತು, ಸಭೆ ಮಾತ್ರ ಬೆಳೆಯಲಿಲ್ಲ. 1767ರಲ್ಲಿ, ಅರವತ್ತೈದರ ವಯಸ್ಸಿನಲ್ಲಿ, ಇನ್ನೊಮ್ಮೆ ಸಮುದ್ರ ದಾಟಿ ಅದೇ ಊರಿಗೆ ಹೋದಳು.